ಚಕ್ರ ತಿನ್ನುವ ಟೈರು

ಜನವರಿ 9

ಪ್ರಿಯ ಕಡ್ಡಿ,

ಈ ಅಕ್ಷರ ನೋಡಿ ಯಾರದ್ದೆಂದು ನಿನಗೆ ಗುರುತು ಸಿಗಲಿಕ್ಕಿಲ್ಲ. ನಾನು ಗೂಬೆ. ಮೂವತ್ತೆರಡು ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿದ ಕೈ ಈಗ ನೆಟ್ಟಗೆ ಒಂದು ಗೆರೆ ಎಳೆಯುವುದಿಲ್ಲ. ಹೋದ ವರ್ಷದಿಂದ ನಡುಕ. ಡಾಕ್ಟರು ಅದಕ್ಕೊಂದು ಹೆಸರು ಹೇಳಿದರು, ಮಾತ್ರೆಯನ್ನೂ ಕೊಟ್ಟರು. ನಡುಕ ಎರಡಕ್ಕೂ ಸೊಪ್ಪು ಹಾಕಿಲ್ಲ.

ಹದಿನಾಲ್ಕು ವರ್ಷದ ಮೇಲೆ ಬರೆಯುತ್ತಿರುವುದು ಸ್ವಾರ್ಥಕ್ಕೆ, ಸುತ್ತಿ ಬಳಸಿ ಹೇಳುವುದಿಲ್ಲ. ನನ್ನ ಹೆಂಡತಿ ಆಸ್ಪತ್ರೆಯ ಡ್ಯೂಟಿಗೆ ಓಡಿಸಿಕೊಂಡು ಹೋಗುತ್ತಿದ್ದ ತಿಳಿಹಸಿರು ಕಾರು ನೆನಪಿದೆಯಾ? ಅವಳು ತೀರಿಕೊಂಡ ಎರಡನೇ ವಾರವೇ ನಾನು ಅದನ್ನು ಗುಜರಿಗೆ ಕೊಟ್ಟುಬಿಟ್ಟೆ. ಬಾಗಿಲು ತೆಗೆದರೆ ಅದು ಕಣ್ಣಿಗೆ ಬೀಳುತ್ತಿತ್ತು, ತಡೆಯಲಾಗಲಿಲ್ಲ. ಮಗಳನ್ನು ಒಂದು ಮಾತು ಕೇಳಲಿಲ್ಲ. ಅವಳು ಅಮ್ಮನ ಪಕ್ಕ ಕೂತು ಡ್ರೈವಿಂಗ್ ಕಲಿತದ್ದು ಅದರಲ್ಲಿ. ಊರಿಂದ ಬಂದು ಖಾಲಿ ಜಾಗ ನೋಡಿದವಳು ಬ್ಯಾಗನ್ನೂ ಇಳಿಸದೆ ಹೊರಟುಹೋದಳು. ಆರು ವರ್ಷವಾಯಿತು. ಈಗ ಆಗಸ್ಟ್ ಮೂರಕ್ಕೆ ಬರುತ್ತೇನೆ ಅಂದಿದ್ದಾಳೆ.

ಆ ಕಾರಿನ ಪುಟ್ಟ ಪ್ಲಾಸ್ಟಿಕ್ ಮಾದರಿಯನ್ನು ಇಪ್ಪತ್ತನಾಲ್ಕರಲ್ಲಿ ಒಂದರ ಅಳತೆಯಲ್ಲಿ ಕಟ್ಟಿ ಅವಳ ಕೈಗೆ ಕೊಡಬೇಕೆಂದು ಶುರುಮಾಡಿದೆ. ಅಡಿಬಣ್ಣದ ಪ್ರೈಮರ್ ಹೊಡೆಯುವವರೆಗೆ ಕೈ ನಡೆಯಿತು. ಮುಂದಿನದು ನನ್ನಿಂದಾಗದು. ಇದನ್ನು ಮುಗಿಸಬಲ್ಲ ಕೈ ನನಗೆ ಗೊತ್ತಿರುವುದು ಒಂದೇ. ಮುಗಿಸಿಕೊಡುತ್ತೀಯಾ?

ನಿನ್ನ
ಗೂಬೆ


ಜನವರಿ 21

ಗೂಬೆಗೆ,

'ಪ್ರಿಯ' ಅಂತ ಬರೆಯಲು ಹೋದೆ, ಪೆನ್ನು ಒಪ್ಪಲಿಲ್ಲ.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಕೈ ನಡುಗುತ್ತದೆ ಅನ್ನುವ ಸಾಲನ್ನು ನಾಲ್ಕು ಸಲ. ಅಯ್ಯೋ ಪಾಪ ಅನ್ನಲು ಬೇರೆ ಜನ ಸಿಕ್ಕಾರು, ನನಗಂತೂ ಖುಷಿಯಾಯಿತು. ತೀರ್ಪಿನ ಹಾಳೆಗೆ ರುಜು ಹಾಕಿದ್ದು ಅದೇ ಕೈ ತಾನೆ?

ನೀನು ಮರೆತಂತೆ ನಟಿಸುವುದರಲ್ಲಿ ನಿಪುಣ, ಅದಕ್ಕೆ ನಾನೇ ನೆನಪಿಸುತ್ತೇನೆ. ನಮ್ಮ ಪುಟ್ಟ ಕಾರುಗಳ ಸಂಘದ ಪ್ರದರ್ಶನ. 'ಪೂರ್ತಿ ಕೈಕೆಲಸ' ಅನ್ನುವ ವಿಭಾಗ. ನನ್ನ ಕೆಂಪು ಕಾರು. ಏಳು ತಿಂಗಳು ಕಟ್ಟಿದ್ದು. ಅದರ ಬಾನೆಟ್ಟಿಗೆ ಲೇತಿನಲ್ಲಿ ಮರದ ಅಚ್ಚು ಕಡೆದು, ಬಿಸ್ಕತ್ತು ಡಬ್ಬಿಯ ತಗಡನ್ನು ಅದರ ಮೇಲೆ ಬಡಿದು ಬಡಿದು ಕೂರಿಸಿದ್ದೆ. ಹನ್ನೊಂದು ತಗಡು ಹಾಳಾಗಿ ಹನ್ನೆರಡನೆಯದು ಕೈಗೆ ಹತ್ತಿತು. ಮೂರು ಜನ ತೀರ್ಪುಗಾರರು. ಇಬ್ಬರು ಪರಊರಿನವರು, ಮೂರನೆಯವನು ಇಪ್ಪತ್ತು ವರ್ಷ ನನ್ನ ಮೇಜಿನಲ್ಲೇ ಕೂತು ನನ್ನ ಅಂಟನ್ನೇ ಬಳಸಿದವನು. ಹಾಳೆಯಲ್ಲಿ ಏನಿತ್ತು? 'ಬಾನೆಟ್ ಪೇಟೆಯಿಂದ ಕೊಂಡದ್ದು. ಅನರ್ಹ.' ಕೆಳಗೆ ನಿನ್ನ ರುಜು, ದುಂಡಗೆ, ಮುತ್ತಿನ ಹಾಗೆ. 'ನೀವೇ ಒಮ್ಮೆ ತಿರುಗಿಸಿ ನೋಡಿ' ಅಂದ ಇನ್ನೊಬ್ಬ ತೀರ್ಪುಗಾರ. ನನ್ನ ಕಾರನ್ನು ನಾನೇ ತಪಾಸಣೆ ಮಾಡಬೇಕಂತೆ! ಎತ್ತಿಕೊಂಡು ಹೊರಗೆ ಬಂದೆ. ಕಾರಿನ ಗಾಜಿನ ಪೆಟ್ಟಿಗೆ ಅಟ್ಟ ಸೇರಿತು, ಇವತ್ತಿನವರೆಗೆ ಕೆಳಗಿಳಿದಿಲ್ಲ. ನಲವತ್ತು ವರ್ಷ ಲೇತಿನ ಮುಂದೆ ನಿಂತವನು ಊರಿನ ಬಾಯಲ್ಲಿ ಕಳ್ಳನಾದ. ನನ್ನವಳು ತೀರಿಕೊಂಡು ಮೂರು ವರ್ಷ. ಅವಳು ಕಣ್ಣು ಮುಚ್ಚಿದಾಗಲೂ ನಾನು ಕಳ್ಳನೇ.

ನಿನ್ನ ಕಾರನ್ನು ಮುಗಿಸುತ್ತೇನೆ. ಬದಲಿಗೆ ನೀನು ಸಂಘದ ಹನ್ನೊಂದು ಜನ ಸದಸ್ಯರಿಗೂ ಬರೆಯಬೇಕು, ಬಾನೆಟ್ ಕೈಯಲ್ಲೇ ಮಾಡಿದ್ದು, ನಾನು ಸುಳ್ಳು ಹೇಳಿದೆ ಅಂತ. ಫೋನ್ ಮಾಡಬೇಡ, ಎತ್ತುವುದಿಲ್ಲ. ಬಾಯಲ್ಲಿ ಹೇಳಿದ್ದನ್ನು ಮರುದಿನ ಇಲ್ಲ ಅನ್ನಬಹುದು, ಬರೆದದ್ದನ್ನು ಆಗದು.

ಕಳಿಸುವಾಗ ಕಾರನ್ನು ಹಳೇ ಪೇಪರಿನಲ್ಲಿ ಸುತ್ತಬೇಡ, ಶಾಯಿ ಅಂಟುತ್ತದೆ. ನಿನಗೆ ಇಷ್ಟೂ ಹೇಳಬೇಕು.

ಏನನ್ನೂ ಮರೆಯದ
ಕಡ್ಡಿ


ಜನವರಿ 30

ಪ್ರಿಯ ಕಡ್ಡಿ,

ಪೆಟ್ಟಿಗೆ ಕಳಿಸಿದ್ದೇನೆ, ಹಳೇ ಬೆಡ್‌ಶೀಟಿನಲ್ಲಿ ಸುತ್ತಿ.

ಕಾರು ಹೊಸದರ ಹಾಗೆ ಕಾಣಬಾರದು. ಎಡಗಡೆ ಹಿಂದಿನ ಬಾಗಿಲಲ್ಲಿ ಒಂದು ನಗ್ಗು ಬೇಕು, ಗೇಟಿನ ಕಂಬಕ್ಕೆ ಉಜ್ಜಿದ್ದು. ಬಲಗನ್ನಡಿ ಬೇರೆ ಯಾವುದೋ ಗಾಡಿಯದು, ಕಪ್ಪು. ಸ್ಟೀರಿಂಗಿಗೆ ಬಟ್ಟೆಯ ಟೇಪು ಸುತ್ತಿದ್ದಳು. ಸೀಟಿಗೆ ಉಳಿದ ಪರದೆ ಬಟ್ಟೆಯಲ್ಲಿ ಅವಳೇ ಕವರು ಹೊಲಿದಿದ್ದಳು, ನೀಲಿ ಚೌಕಳಿ. ಫೋಟೋ ಒಂದೇ ಇದೆ, ಇಟ್ಟಿದ್ದೇನೆ.

ನೀನು ಕೇಳಿದ ಕಾಗದವನ್ನು ಬರೆಯಲಾರೆ. ಅದೊಂದು ಬಿಟ್ಟು ಏನು ಬೇಕಾದರೂ ಕೇಳು. ನನ್ನ ಉಪಕರಣಗಳನ್ನೆಲ್ಲ ತೆಗೆದುಕೋ, ಇನ್ನು ನನಗವು ಬೇಡ.

ಅತ್ತಿಗೆ ಹೋದ ಸುದ್ದಿ ತಿಳಿದ ದಿನ ನಿಮ್ಮ ಬೀದಿಯ ತಿರುವಿನವರೆಗೆ ಬಂದಿದ್ದೆ. ನಿನ್ನ ಮುಖ ನೆನೆದು ವಾಪಸ್ ಹೋದೆ.

ನಿನ್ನ
ಗೂಬೆ


ಮಾರ್ಚ್ 2

ಗೂಬೆಗೆ,

ನಿನ್ನ ಉಪಕರಣ ಯಾರಿಗೆ ಬೇಕು? ತುಕ್ಕು ಹಿಡಿದ ಚಿಮಟವನ್ನು ಚಿನ್ನದ್ದು ಅಂದುಕೊಂಡು ಕೂತಿದ್ದೀಯ. ಕಾಗದ ಬರೆಯಲಾರೆ ಅಂದಿದ್ದನ್ನು ಓದಿದೆ. ಆಗಸ್ಟ್ ಇನ್ನೂ ದೂರವಿದೆ, ಬರೆಯುತ್ತೀಯ.

ಪೆಟ್ಟಿಗೆ ಬಿಚ್ಚಿದರೆ ಅದೇ ಇಟ್ಟಿಗೆ ಬಣ್ಣದ ಪ್ರೈಮರ್. ತಿಳಿಹಸಿರಿನ ಅಡಿಗೆ ಇಟ್ಟಿಗೆ ಬಣ್ಣ ಹೊಡೆಯುವವನು ಭೂಮಿಯ ಮೇಲೆ ನೀನೊಬ್ಬನೇ. ಬೂದು ಬಣ್ಣ ಅಂತ ಒಂದಿದೆ ಮಾರಾಯ, ಇಪ್ಪತ್ತು ವರ್ಷ ಹೇಳಿದೆ. ಎಲ್ಲ ಕೆರೆದು ತೆಗೆದೆ. ಛಾವಣಿಯ ಅಂಚಿನಲ್ಲಿ ಅಚ್ಚಿನ ಗೆರೆ ಹಾಗೇ ಇತ್ತು, ಬ್ಲೇಡಿನ ಬೆನ್ನಿನಲ್ಲಿ ಕೆರೆದರೆ ಹತ್ತು ನಿಮಿಷದ ಕೆಲಸ. ಆಮೇಲೆ ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದೆ. ಅದನ್ನೂ ನೀನು ಮಾಡಿರಲಿಲ್ಲ. ಕಾರ್ಖಾನೆಯ ಜಿಡ್ಡಿನ ಮೇಲೆ ಬಣ್ಣ ನಿಲ್ಲುತ್ತದೆ ಅಂತ ನಿನಗೆ ಯಾವ ಪುಣ್ಯಾತ್ಮ ಹೇಳಿದ?

ಬಣ್ಣ ಐದು ತೆಳು ಪದರ, ದಿನಕ್ಕೊಂದು. ಮೂರನೆಯದರ ಮೇಲೆ ಎರಡು ಸಾವಿರ ನಂಬರಿನ ಉಪ್ಪುಕಾಗದದಲ್ಲಿ ನೀರು ಹಾಕಿ ಉಜ್ಜಬೇಕು, ಕೈಯ ಭಾರ ಕೂಡ ಬೀಳದ ಹಾಗೆ. ಬೇಗ ಮುಗಿಯಲಿ ಅಂತ ಒಂದೇ ಸಲಕ್ಕೆ ಸುರಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಾರಿಗೆ ಬಣ್ಣ ಹೊಡೆಯುತ್ತಾರೋ ಗೋಡೆಗೆ ಸುಣ್ಣ ಬಳಿಯುತ್ತಾರೋ ತಿಳಿಯುವುದಿಲ್ಲ.

ನಗ್ಗಿನ ವಿಷಯ ಕೇಳು, ಕಲಿತುಕೋ. ಹೊರಗಿನಿಂದ ಬಡಿದರೆ ಪ್ಲಾಸ್ಟಿಕ್ ಒಡೆಯುತ್ತದೆಯೇ ಹೊರತು ತಗ್ಗುವುದಿಲ್ಲ. ಒಳಗಿನಿಂದ ಕೆರೆದು ಬೆಳಕು ಹಾಯುವಷ್ಟು ತೆಳ್ಳಗೆ ಮಾಡಬೇಕು. ಚಮಚದ ಬೆನ್ನನ್ನು ಬಿಸಿ ಮಾಡಿ ಹೊರಗಿನಿಂದ ಒಂದೇ ಸಲ ಒತ್ತಬೇಕು. ಎರಡನೇ ಸಲ ಒತ್ತಿದರೆ ಅದು ನಗ್ಗಲ್ಲ, ತೂತು. ನಾನು ಒಂದೇ ಸಲ ಒತ್ತಿದೆ. ನಿನ್ನ ಹೆಂಡತಿ ನೋಡಿದ್ದರೆ ಗೇಟಿನ ಕಂಬವನ್ನು ಬೈಯುತ್ತಿದ್ದಳು.

ಸೀಟಿಗೆ ನಿಜವಾದ ಬಟ್ಟೆಯ ತುಂಡನ್ನು ಇಟ್ಟುಕಳಿಸಿದ್ದೀಯಲ್ಲ, ಬುದ್ಧಿ ಎಲ್ಲಿಟ್ಟಿದ್ದೆ? ಈ ಅಳತೆಗೆ ಅದು ಗೋಣಿಚೀಲದ ಹಾಗೆ ಕಾಣುತ್ತದೆ. ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಬಿಳಿ ಅಂಟಿನಲ್ಲಿ ಅದ್ದಿ ಕೂರಿಸಿ, ಚೌಕಳಿಯನ್ನು ಮೂರು ಕೂದಲಿನ ಬ್ರಷ್ಷಿನಲ್ಲಿ ಎಳೆದೆ. ನಾಲ್ಕು ಸೀಟಿಗೆ ಒಂಬತ್ತು ದಿನ. ಗಾಜಿಗೂ ಬಿಳಿ ಅಂಟೇ. ತಕ್ಷಣ ಹಿಡಿಯುವ ಅಂಟಿನ ಹಬೆಗೆ ಗಾಜು ಬೆಳಗಾಗುವುದರೊಳಗೆ ಮಂಜು ಕವಿದಂತಾಗುತ್ತದೆ, ಆಮೇಲೆ ತಲೆ ಚಚ್ಚಿಕೊಂಡರೂ ಹೋಗುವುದಿಲ್ಲ.

ಮುಗಿದ ಕಾರನ್ನು ನಾನು ಮತ್ತೆ ಮುಟ್ಟುವವನಲ್ಲ, ನಿನಗೆ ಗೊತ್ತು. ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ ಅಂದರೆ ಮುಗಿಯಿತು. ನೀನು ಗಳಿಗೆಗೊಮ್ಮೆ ತೆಗೆದು ಬೆರಳಚ್ಚು ಒತ್ತುವವನು. ಇದನ್ನಾದರೂ ಹಾಗೆ ಮಾಡಬೇಡ.

ಕಾಯುತ್ತಿರುವ
ಕಡ್ಡಿ


ಮಾರ್ಚ್ 15

ಪ್ರಿಯ ಕಡ್ಡಿ,

ನಿನ್ನ ಬೈಗುಳ ಓದಿ ಎಷ್ಟೋ ವರ್ಷದ ಮೇಲೆ ನಕ್ಕೆ. ಒಂಬತ್ತು ದಿನ ಚೌಕಳಿ ಎಳೆದವನಿಗೆ ನನ್ನ ಮೇಲೆ ಅಷ್ಟೊಂದು ಸಿಟ್ಟಿರಲಾರದು ಅಂತ ನನಗೆ ನಾನೇ ಹೇಳಿಕೊಂಡೆ. ತಪ್ಪಾಗಿದ್ದರೆ ಕ್ಷಮಿಸು.

ಮಗಳು ಫೋನ್ ಮಾಡಿದ್ದಳು. ಎರಡು ನಿಮಿಷ. ಕಾರಿನ ವಿಷಯ ಹೇಳಲಿಲ್ಲ, ಬಂದಾಗಲೇ ನೋಡಲಿ.

ನಿನ್ನ
ಗೂಬೆ


ಏಪ್ರಿಲ್ 18

ಗೂಬೆಗೆ,

ಕಾರು ಮೊನ್ನೆಯೇ ನಿನ್ನ ಕೈ ಸೇರಿರಬೇಕು. ಈ ಕಾಗದವನ್ನು ಬೇಕೆಂದೇ ತಡಮಾಡಿ ಹಾಕುತ್ತಿದ್ದೇನೆ. ಮೊದಲು ನೀನು ಅದನ್ನು ಕಣ್ತುಂಬ ನೋಡಬೇಕು, ಮುಟ್ಟಬೇಕು, ಮಗಳ ಮುಖ ಹೇಗಾದೀತು ಅಂತ ಕನಸು ಕಾಣಬೇಕು. ಕಂಡೆಯಾ? ಈಗ ಓದು.

ಹೊಸದಾಗಿ ಕಾರು ಕಟ್ಟುವವರಿಗೆ ನಾವಿಬ್ಬರೂ ಮೊದಲು ಹೇಳುತ್ತಿದ್ದ ಬುದ್ಧಿಮಾತು ಯಾವುದು? ಮೆತ್ತನೆಯ ಟೈರನ್ನು ಪ್ಲಾಸ್ಟಿಕ್ ಚಕ್ರಕ್ಕೆ ನೇರವಾಗಿ ತೊಡಿಸಬಾರದು. ಟೈರನ್ನು ಮೆತ್ತಗಿಡುವ ಎಣ್ಣೆ ಸೆಖೆಗೆ ಹೊರಗೆ ಜಿನುಗಿ ಗಟ್ಟಿ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಅದಕ್ಕೇ ನಡುವೆ ಅಲ್ಯೂಮಿನಿಯಂ ಹಾಳೆಯ ತೆಳು ಪಟ್ಟಿ ಸುತ್ತುತ್ತೇವೆ. ನಿನ್ನ ಕಾರಿಗೆ ಸುತ್ತಿಲ್ಲ. ನಾಲ್ಕು ಚಕ್ರಕ್ಕೂ ಇಲ್ಲ. ಹುಡುಕಿ ಹುಡುಕಿ ಹಳೇ ಡಬ್ಬದಿಂದ ಅತಿ ಜಿಗುಟಾದ ಟೈರುಗಳನ್ನೇ ಆರಿಸಿ ತೊಡಿಸಿದ್ದೇನೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಒಳಗೆ ತಿನ್ನಲು ಶುರುಮಾಡಿರುತ್ತದೆ. ಈ ಬಿಸಿಲಿಗೆ ಜುಲೈ ಹೊತ್ತಿಗೆ ಚಕ್ರ ಸವೆದು ಕಾರು ಒಂದು ಕಡೆಗೆ ವಾಲುತ್ತದೆ. ಆಗಸ್ಟ್ ಮೂರಕ್ಕೆ ನಿನ್ನ ಮಗಳು ನೋಡುವಾಗ ಅವಳಮ್ಮನ ಕಾರು ಕಾಲು ಮುರಿದ ಹಸುವಿನ ಹಾಗೆ ನೆಲ ಹಿಡಿದಿರುತ್ತದೆ.

ನೀನೇ ಬಿಚ್ಚಿ ಸರಿಮಾಡಬಹುದು ಅಂದುಕೊಳ್ಳಬೇಡ. ಚಕ್ರಗಳನ್ನು ಹಿಡಿದಿರುವ ಕಡ್ಡಿಗಳನ್ನು ಕಾರಿನ ತಳಕ್ಕೆ ಒಳಗಿನಿಂದ ಅಂಟಿಸಿದ್ದೇನೆ. ಎಳೆದರೆ ತಳ ಸೀಳುತ್ತದೆ. ಬಿಚ್ಚುವ ದಾರಿ ನನಗೊಬ್ಬನಿಗೇ ಗೊತ್ತು, ಅದಕ್ಕೂ ನಡುಗದ ಕೈ ಬೇಕು.

ಹನ್ನೊಂದು ಕಾಗದ ಬರೆ. ಬರೆದ ಮರುದಿನ ನಾಲ್ಕು ಹೊಸ ಚಕ್ರಗಳನ್ನು ಜೇಬಿನಲ್ಲಿಟ್ಟುಕೊಂಡು ನಿನ್ನ ಬಾಗಿಲಿಗೆ ಬರುತ್ತೇನೆ. ನನ್ನ ಹೆಸರು ಕರಗುವುದನ್ನು ನೀನು ಹದಿನಾಲ್ಕು ವರ್ಷ ಕೂತು ನೋಡಿದೆ. ಇದನ್ನೂ ನಾಲ್ಕು ತಿಂಗಳು ಕೂತು ನೋಡು.

ಕಡ್ಡಿ


ಏಪ್ರಿಲ್ 30

ಕಡ್ಡಿ,

ಎರಡು ದಿನ ಕಾರನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಎಡಗೈಯಿಂದ ಬಲಗೈ ಹಿಡಿದುಕೊಂಡು ಬಾಗಿಲು ತೆಗೆದೆ. ಸ್ಟೀರಿಂಗಿನ ಟೇಪು ಒಂದು ಕಡೆ ಬಿಚ್ಚಿಕೊಂಡಂತೆ ಮಾಡಿದ್ದೀಯ. ಅದನ್ನು ನಾನು ಹೇಳಿರಲಿಲ್ಲ, ಫೋಟೋದಲ್ಲೂ ಕಾಣುವುದಿಲ್ಲ. ಒಂದು ದಿನ ನೀನು ಆ ಕಾರಿನಲ್ಲಿ ಕೂತಿದ್ದಾಗ ನೋಡಿದ್ದಿರಬೇಕು. ಅಷ್ಟನ್ನು ನೆನಪಿಟ್ಟು ಮಾಡಿದ ಕೈಯೇ ಟೈರನ್ನೂ ತೊಡಿಸಿದೆ. ನಿನ್ನ ಕಾಗದ ಬಂದಾಗ ನಾನು ಇನ್ನೂ ಅಳುತ್ತಿದ್ದೆ, ಸಂತೋಷಕ್ಕೆ.

ಬರೆಯುವುದಿಲ್ಲ. ಕರಗಿದರೆ ಕರಗಲಿ. ಯಾಕೆಂದು ಕೇಳಬೇಡ, ಅದು ನಾನು ಹೇಳುವಂಥದ್ದಲ್ಲ.

ಸೇಡು ತೀರಿಸಿಕೊಳ್ಳಲು ನಾನಿದ್ದೆ. ನನ್ನ ಹೆಂಡತಿಯ ಕಾರು ಬೇಕಾಗಿರಲಿಲ್ಲ.

ಗೂಬೆ


ಜೂನ್ 8

ಗೂಬೆಗೆ,

ಮೇ ತಿಂಗಳಲ್ಲಿ ಎರಡು ಕಾರ್ಡು ಹಾಕಿದೆ. ಉತ್ತರವಿಲ್ಲ. ನಾನು ಬಗ್ಗುತ್ತೇನೆ ಅಂದುಕೊಂಡಿದ್ದೀಯ. ನನಗೆ ಕಡ್ಡಿ ಅಂತ ಹೆಸರಿಟ್ಟವನೇ ನೀನು. ಮುರಿದೀತು, ಬಗ್ಗದು ಅಂತ ನೀನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ಸರಿ, ನಿನ್ನ ರುಜು ನನಗೆ ಬೇಡ. ತಗಡಿಗೆ ಅಯಸ್ಕಾಂತ ಹಿಡಿಯುತ್ತದೆ. ಪೇಟೆಯ ಸತುವಿನ ಎರಕದ ಬಾನೆಟ್ಟಿಗೆ ಹಿಡಿಯುವುದಿಲ್ಲ. ಇಷ್ಟು ಸುಲಭದ ಪರೀಕ್ಷೆಯನ್ನು ಅವತ್ತೇ ಅವರ ಮುಖಕ್ಕೆ ಹಿಡಿಯಬಹುದಿತ್ತು. ನನ್ನ ಮಾತೇ ಸಾಲದು ಅನ್ನುವವರ ಮುಂದೆ ಪರೀಕ್ಷೆ ಯಾಕೆ ಅನ್ನಿಸಿತ್ತು. ಈಗ ಆ ಹಟ ಬಿಟ್ಟೆ. ಭಾನುವಾರ ಅಟ್ಟದಿಂದ ಪೆಟ್ಟಿಗೆ ಇಳಿಸಿ, ಬಾನೆಟ್ಟಿಗೆ ಅಯಸ್ಕಾಂತ ಅಂಟಿಸಿ, ಕಾರು ಅದರಿಂದ ಜೋತುಬಿದ್ದಿರುವ ಫೋಟೋ ತೆಗೆದು ಹನ್ನೊಂದು ಜನಕ್ಕೂ ಕಳಿಸುತ್ತೇನೆ. ಹನ್ನೆರಡನೆಯದು ನಿನ್ನ ಮಗಳಿಗೆ. ಅಪ್ಪ ಎಂಥವನೆಂದು ಅವಳಿಗೂ ತಿಳಿಯಲಿ. ಟೈರು ತನ್ನ ಕೆಲಸ ಮಾಡುತ್ತಿರಲಿ.

ಕಡ್ಡಿ


ಜೂನ್ 12

ಕಡ್ಡಿ,

ಪೆಟ್ಟಿಗೆ ತೆಗೆಯಬೇಡ. ನಿನ್ನ ಕಾಗದ ಈಗ ತಾನೆ ಬಂತು, ಈಗಲೇ ಬರೆಯುತ್ತಿದ್ದೇನೆ. ಫೋನ್ ಐದು ಸಲ ಮಾಡಿದೆ, ನೀನು ಎತ್ತಲಿಲ್ಲ.

ನೀನು ಕೇಳಿದ್ದನ್ನು ಬರೆದಿದ್ದೇನೆ. ಹನ್ನೊಂದು ಜನಕ್ಕೂ ಇವತ್ತಿನ ಅಂಚೆಗೇ ಹಾಕುತ್ತೇನೆ. ಇದರ ಪ್ರತಿ: 'ಹದಿನಾಲ್ಕು ವರ್ಷದ ಹಿಂದೆ ಕೆಂಪು ಕಾರಿನ ಬಾನೆಟ್ ಕೊಂಡದ್ದೆಂದು ನಾನು ರುಜು ಹಾಕಿದ್ದು ಸುಳ್ಳು. ಅದು ಕೈಯಲ್ಲೇ ಮಾಡಿದ್ದು. ಹೊಟ್ಟೆಕಿಚ್ಚಿನಿಂದ ಹಾಗೆ ಮಾಡಿದೆ. ಎಲ್ಲರ ಕ್ಷಮೆ ಕೇಳುತ್ತೇನೆ.' ಸಾಕಲ್ಲ? ಇನ್ನೂ ಏನಾದರೂ ಸೇರಿಸಬೇಕಿದ್ದರೆ ಹೇಳು, ಸೇರಿಸುತ್ತೇನೆ.

ಚಕ್ರ ಬದಲಿಸಲು ಬರದಿದ್ದರೂ ಪರವಾಗಿಲ್ಲ. ಪೆಟ್ಟಿಗೆಯನ್ನು ಮಾತ್ರ ಇಳಿಸಬೇಡ. ಇಳಿಸಿಲ್ಲ ಅಂತ ಒಂದು ಸಾಲು ಬರೆ.

ನಿನ್ನ
ಗೂಬೆ


ಜೂನ್ 20

ಗೂಬೆ,

ನಿನ್ನ ಕಾಗದ ಹದಿನೇಳಕ್ಕೆ ಬಂತು. ಭಾನುವಾರದವರೆಗೆ ಕಾಯುವಷ್ಟು ತಾಳ್ಮೆ ನನಗೆಲ್ಲಿದೆ? ಎಂಟನೇ ತಾರೀಕು ನಿನಗೆ ಬರೆದದ್ದನ್ನು ಅಂಚೆಗೆ ಹಾಕಿ ಬಂದವನೇ ಅಟ್ಟ ಹತ್ತಿದ್ದೆ.

ಬೀಗ ತುಕ್ಕು ಹಿಡಿದಿತ್ತು, ಎಣ್ಣೆ ಬಿಟ್ಟು ತೆಗೆದೆ. ಕೆಂಪು ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಅಯಸ್ಕಾಂತ ಇಟ್ಟೆ. ಜಾರಿ ಕೆಳಗೆ ಬಿತ್ತು. ಮತ್ತೆ ಇಟ್ಟೆ, ಮತ್ತೆ ಬಿತ್ತು. ಅಯಸ್ಕಾಂತವೇ ಸತ್ತಿದೆ ಅಂದುಕೊಂಡು ಸೂಜಿಗೆ ಹಿಡಿದು ನೋಡಿದೆ, ಸೂಜಿ ಹಾರಿ ಬಂದು ಕಚ್ಚಿಕೊಂಡಿತು. ಆಮೇಲೆ ಬಾನೆಟ್ ತಿರುಗಿಸಿದೆ. ಒಳಗಡೆ ಎರಕದ ಗುಳ್ಳೆಯ ಸಣ್ಣ ಸಣ್ಣ ತೂತು, ಸಾಸಿವೆಯಷ್ಟು. ಉಗುರಿನಿಂದ ಅಂಚನ್ನು ಕೆರೆದೆ. ಕೆಂಪಿನ ಕೆಳಗೆ ಬೂದು ಬಣ್ಣ ಇರಲಿಲ್ಲ. ಇಟ್ಟಿಗೆ ಬಣ್ಣ.

ನೀನು! ನನ್ನ ತಗಡಿನ ಬಾನೆಟ್ ಕದ್ದು, ಇದನ್ನು ಕೂರಿಸಿ, ಆಮೇಲೆ ತೀರ್ಪುಗಾರನ ಕುರ್ಚಿಯಲ್ಲಿ ಕೂತು ನನ್ನನ್ನೇ ಹಿಡಿದುಕೊಟ್ಟೆ. ಹೊಟ್ಟೆಕಿಚ್ಚು ಅಂತ ನೀನೇ ಬರೆದಿದ್ದೀಯ. ಟೈರಿನ ಬದಲು ಇಡೀ ಕಾರಿಗೆ ಬೆಂಕಿ ಇಡಬೇಕಿತ್ತು ನಾನು. ಅತ್ತ ನಿನ್ನ ಸುಳ್ಳು ಕಾಗದ ಓದಿ ಏಳು ಜನ ಮನೆಗೆ ಬಂದರು, ಹಾರ ಒಂದು ಬಾಕಿ. 'ನಾವು ಅವತ್ತೇ ಅಂದುಕೊಂಡಿದ್ವಿ ಬಿಡಿ' ಅಂತಾರೆ. ಹದಿನಾಲ್ಕು ವರ್ಷ ನಾನು ಕಾದಿದ್ದ ಮಾತು. ಕಾಫಿಯನ್ನೂ ಕೊಡದೆ ಕಳಿಸಿಬಿಟ್ಟೆ.

ಒಂದೇ ಒಂದು ಲೆಕ್ಕ ತಾಳೆಯಾಗುತ್ತಿಲ್ಲ. ಆ ಪೆಟ್ಟಿಗೆಗೆ ಇದ್ದದ್ದು ಎರಡು ಕೀಲಿ. ಒಂದು ನನ್ನ ಜೇಬಿನಲ್ಲಿ, ಸ್ನಾನಕ್ಕೆ ಹೋದಾಗಲೂ ಕೈಗೆಟಕುವಂತೆ. ಇನ್ನೊಂದು ಅವಳ ಕೈಚೀಲದಲ್ಲಿ, ಗಾಜಿನ ಧೂಳು ಒರೆಸಲಿ ಅಂತ ಕೊಟ್ಟಿದ್ದು.

ಇಲ್ಲಿಯವರೆಗೆ ಬರೆದು ನಿನ್ನೆ ಪೆನ್ನು ಕೆಳಗಿಟ್ಟೆ. ಇವತ್ತು ಮತ್ತೆ ಹಿಡಿದಿದ್ದೇನೆ. ಅವಳ ಕೀಲಿ ನಿನ್ನ ಕೈಗೆ ಹೇಗೆ ಬಂತು?

ಕಡ್ಡಿ


ಜುಲೈ 2

ಪ್ರಿಯ ಕಡ್ಡಿ,

ಯಾರಿಗೂ ಹೇಳುವುದಿಲ್ಲ ಅಂತ ಅತ್ತಿಗೆಗೆ ಮಾತು ಕೊಟ್ಟಿದ್ದೆ. ನೀನು ಈಗ ಕೇಳಿರುವ ರೀತಿಗೆ ಸುಮ್ಮನಿದ್ದರೆ ಅವಳ ಮೇಲೆ ಇನ್ನೊಂದು ಕೊಳಕು ಬೀಳುತ್ತದೆ. ಅದಕ್ಕೆ ಮಾತು ಮುರಿಯುತ್ತಿದ್ದೇನೆ.

ಪ್ರದರ್ಶನಕ್ಕೆ ಮೂರು ದಿನ ಇತ್ತು. ನೀನು ಶಿಫ್ಟಿಗೆ ಹೋಗಿದ್ದೆ. ಮಧ್ಯಾಹ್ನ ಅವಳು ನಮ್ಮ ಮನೆಗೆ ಬಂದಳು, ಕರ್ಚೀಫಿನಲ್ಲಿ ಏನೋ ಕಟ್ಟಿಕೊಂಡು. ಬಿಚ್ಚಿದರೆ ನಿನ್ನ ಬಾನೆಟ್, ನಡುವೆ ಮಡಚಿಹೋಗಿತ್ತು. ಪೆಟ್ಟಿಗೆಯ ಗಾಜನ್ನು ಒಳಗಿನಿಂದ ಒರೆಸುವಾಗ ಕಾಲು ಜಾರಿ ಅಂಗೈ ಅದರ ಮೇಲೆ ಊರಿತ್ತಂತೆ. ಸರಿಮಾಡಿಕೊಡಿ ಅಂದಳು. ಅದು ಸರಿಯಾಗುವ ಸ್ಥಿತಿಯಲ್ಲಿರಲಿಲ್ಲ. ನಾನು, 'ಅವನಿಗೆ ಹೇಳಿಬಿಡಿ ಅತ್ತಿಗೆ, ಏನು ಹೊಡೀತಾನಾ?' ಅಂದೆ.

ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. 'ಹೊಡೆಯಲ್ಲ ಅಣ್ಣ, ಬೈಯೋದೂ ಇಲ್ಲ. ಬೈದ್ರೆ ಎಷ್ಟೋ ವಾಸಿ. ಸುಮ್ಮನಾಗಿಬಿಡ್ತಾರೆ. ಹೋದ ಸಲ ಒಂದು ಕಾರಿನ ಕನ್ನಡಿ ಮುರಿದಿದ್ದಕ್ಕೆ ನಲವತ್ತು ದಿನ ಮಾತಾಡ್ಲಿಲ್ಲ. ಊಟಕ್ಕೆ ಬಡಿಸಿದ್ರೆ ತಟ್ಟೆ ನೋಡ್ತಾರೆ, ನನ್ನ ನೋಡಲ್ಲ. ನಲವತ್ತೊಂದನೇ ದಿನ ಉಪ್ಪು ಕಡಿಮೆ ಅಂದ್ರು. ನಾನು ಒಳಗೆ ಹೋಗಿ ಅತ್ತುಬಿಟ್ಟೆ, ಖುಷಿಗೆ. ಅದು ಬರೀ ಕನ್ನಡಿ. ಇದಕ್ಕೆ ಎಷ್ಟು ದಿನ ಆಗುತ್ತೋ. ನನ್ನ ಕೈಲಾಗಲ್ಲ.'

ಅಂಗಡಿಯಿಂದ ಅದೇ ಮಾದರಿಯ ಎರಕದ ಬಾನೆಟ್ ತಂದೆ. ನಿನ್ನ ಡಬ್ಬದಿಂದ ಅವಳು ಕೆಂಪು ಬಣ್ಣ ತಂದುಕೊಟ್ಟಳು. ಪ್ರೈಮರ್ ನನ್ನದು. ಮರುದಿನ ನೀನು ಶಿಫ್ಟಿನಲ್ಲಿದ್ದಾಗ ಕೂರಿಸಿ ಬಂದೆ. ಮುಗಿದ ಕಾರನ್ನು ನೀನು ಮುಟ್ಟುವುದಿಲ್ಲ ಅನ್ನುವ ಧೈರ್ಯ. ಪರಊರಿನ ತೀರ್ಪುಗಾರ ಬಾನೆಟ್ ಎತ್ತಿ ಕೆಳಗಿನಿಂದ ಟಾರ್ಚು ಬಿಡುತ್ತಾನೆ ಅಂತ ನಾವಿಬ್ಬರೂ ಯೋಚಿಸಿರಲಿಲ್ಲ. ಅವನು ಗುಳ್ಳೆ ತೋರಿಸಿದಾಗ ಅತ್ತಿಗೆ ಬಾಗಿಲ ಹತ್ತಿರ ನಿಂತಿದ್ದಳು. ನಾನು ಬಾಯಿ ತೆರೆದೆ. ಅವಳು ಬೇಡ ಅಂತ ತಲೆ ಅಲ್ಲಾಡಿಸಿದಳು. ನಾನು ರುಜು ಹಾಕಿದೆ.

ಮಡಚಿದ ತಗಡನ್ನು ಅವಳೇ ವಾಪಸ್ ತೆಗೆದುಕೊಂಡು ಹೋಗಿದ್ದಳು. ಎಲ್ಲಿಟ್ಟಳೋ ಗೊತ್ತಿಲ್ಲ.

ನನಗೂ ಸಿಟ್ಟಿದೆ ಕಡ್ಡಿ. ಹದಿನಾಲ್ಕು ವರ್ಷ ನಾನು ನಿಮ್ಮೂರಿಗೆ ಬಂದಾಗೆಲ್ಲ, ಬೀದಿಯಲ್ಲಿ ಎದುರಾದರೆ ನೀನು ಗೋಡೆ ನೋಡಿಕೊಂಡು ನಡೆದೆ. ಪ್ರತಿ ಸಲವೂ ಕೂಗಿ ಹೇಳಿಬಿಡಬೇಕು ಅನ್ನಿಸುತ್ತಿತ್ತು. ಆಮೇಲೆ, ಅವಳಿಗೆ ಸಿಗಬೇಕಾಗಿದ್ದ ಮೌನ ನನಗೆ ಸಿಕ್ಕಿದೆ, ಅವಳಾದರೂ ಪಾರಾದಳಲ್ಲ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಕಾರಿನ ಎಡಮುಂದಿನ ಚಕ್ರ ಒಂದು ಕೂದಲೆಳೆಯಷ್ಟು ಕೂತಿದೆ.

ಗೂಬೆ


ಜುಲೈ 24

ಗೂಬೆ,

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನಾಲ್ಕು ಹೊಸ ಚಕ್ರ ಕಡೆದಿದ್ದೇನೆ, ಅಲ್ಯೂಮಿನಿಯಂ ಪಟ್ಟಿ ಎರಡು ಸುತ್ತು. ಗಟ್ಟಿ ಟೈರು. ತಳವನ್ನು ಸೀಳದೆ ಬಿಚ್ಚಲು ಅರ್ಧ ದಿನ ಬೇಕು. ಎಡಮುಂದಿನ ಚಕ್ರದ ಎಣ್ಣೆ ಮೇಲಿನ ಬಣ್ಣಕ್ಕೂ ತಾಗಿದ್ದರೆ ಅಲ್ಲಿ ಗುರುತು ಉಳಿಯುತ್ತದೆ, ಅದನ್ನು ಹೋಗಿಸುವ ವಿದ್ಯೆ ನನ್ನ ಹತ್ತಿರವೂ ಇಲ್ಲ. ನಿನ್ನ ಮಗಳು ಕೇಳಿದರೆ ಮಾಡಿದವನು ನಾನು ಅಂತ ಹೇಳು. ನನಗೋಸ್ಕರ ಮುಚ್ಚಿಡಬೇಡ, ನೀನು ಮುಚ್ಚಿಟ್ಟದ್ದು ಸಾಕು.

ಹನ್ನೊಂದು ಜನಕ್ಕೂ ನಾನು ಬರೆದಿದ್ದೇನೆ. ಬಾನೆಟ್ ಕೊಂಡದ್ದೇ, ತೀರ್ಪು ಸರಿ, ರುಜು ಹಾಕಿದವನು ಪ್ರಾಮಾಣಿಕ, ಮೊನ್ನೆ ಬರೆದ ಕಾಗದವನ್ನು ಅವನಿಂದ ನಾನು ಹೆದರಿಸಿ ಬರೆಸಿದೆ ಅಂತ. ಅವಳ ಹೆಸರು ಎತ್ತಲಿಲ್ಲ. ಮನೆಗೆ ಬಂದಿದ್ದ ಏಳು ಜನರಲ್ಲಿ ಒಬ್ಬರೂ ಈಗ ಬೀದಿಯಲ್ಲಿ ನಿಲ್ಲುವುದಿಲ್ಲ. ನಿಲ್ಲದಿರಲಿ.

ಮಡಚಿದ ತಗಡಿಗಾಗಿ ಮನೆಯೆಲ್ಲ ಹುಡುಕಿದೆ. ಅವಳ ಪೆಟ್ಟಿಗೆ, ಹೊಲಿಗೆ ಡಬ್ಬ, ಅಡುಗೆಮನೆಯ ಮೇಲಿನ ಹಲಗೆ. ಸಿಗಲಿಲ್ಲ.

ನಾನು ಒಳ್ಳೆಯ ಗಂಡ ಅಂದುಕೊಂಡಿದ್ದೆ. ಒಂದು ದಿನವೂ ಕೈ ಎತ್ತಿದವನಲ್ಲ, ದನಿ ಎತ್ತಿದವನಲ್ಲ ಅಂತ ಅವಳ ಅಣ್ಣಂದಿರ ಮುಂದೆ ಹೇಳಿಕೊಂಡಿದ್ದೂ ಉಂಟು. ಅವಳು ಆಗ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗಿದ್ದಳು.

ಅವಳಾದರೂ ಪಾರಾದಳಲ್ಲ ಅಂತ ಬರೆದಿದ್ದೀಯ. ಮೂರು ವಾರ ನಿನಗೆ ಉತ್ತರ ಬರೆಯಲಾಗದ್ದು ಆ ಒಂದು ಸಾಲಿಗೆ. ಇದನ್ನು ನಿನ್ನ ಎದುರು ಕೂತು ಹೇಳುವ ಧೈರ್ಯ ನನಗಾಗದು, ಅದಕ್ಕೇ ಬರೆಯುತ್ತಿದ್ದೇನೆ. ಪ್ರದರ್ಶನದ ದಿನ ಮನೆಗೆ ಬಂದು ಪೆಟ್ಟಿಗೆಯನ್ನು ಅಟ್ಟಕ್ಕೆ ತಳ್ಳಿದೆ. ಅವಳು ನೀರು ತಂದುಕೊಟ್ಟಳು. ನನಗೆ ಸಿಟ್ಟು ಇದ್ದದ್ದು ನಿನ್ನ ಮೇಲೆ. ಆದರೆ ಮನೆಯಲ್ಲಿದ್ದವಳು ಅವಳು. ನಾನು ಅವಳ ಜೊತೆ ಮತ್ತೆ ಮಾತಾಡಿದ್ದು ಐದು ತಿಂಗಳಾದ ಮೇಲೆ.

ಕಡ್ಡಿ